ಎರಡು ಬಕೆಟ್, ಒಂದೇ ಟಿಪ್ಪರ್

ನಗರದ ಮನೆಗಳಲ್ಲಿ ಹಸಿ ಕಸ, ಒಣ ಕಸ ಬೇರೆಯಾಗದಿರುವುದಕ್ಕೆ ಎಲ್ಲರ ಬಾಯಲ್ಲೂ ಸಿದ್ಧವಾಗಿರುವ ಕಾರಣ ಒಂದೇ: ಜನರಲ್ಲಿ ಅರಿವಿಲ್ಲ. ಪಾಲಿಕೆಯ ಅಧಿಕಾರಿ ಹೇಳುವುದೂ ಇದನ್ನೇ, ಪತ್ರಿಕೆಯ ಸಂಪಾದಕೀಯ ಹೇಳುವುದೂ ಇದನ್ನೇ, ವಾಕಿಂಗ್ ಮುಗಿಸಿ ಪಾರ್ಕಿನ ಕಲ್ಲುಬೆಂಚಿನ ಮೇಲೆ ಕೂತ ನಿವೃತ್ತರು ತಲೆಯಾಡಿಸುವುದೂ ಇದಕ್ಕೇ. ಕಾಯಿಲೆ ಇದೆಂದು ಒಪ್ಪಿದ ಮೇಲೆ ಮದ್ದೂ ತಾನಾಗಿ ಗೊತ್ತಾಗುತ್ತದೆ: ಜಾಥಾ, ಬೀದಿ ನಾಟಕ, ಗೋಡೆಬರಹ, ಶಾಲಾ ಮಕ್ಕಳಿಗೆ ಪ್ರಬಂಧ ಸ್ಪರ್ಧೆ, ಕಸದ ಗಾಡಿಯ ಸ್ಪೀಕರಿನಲ್ಲಿ ಹಾಡು. ಬೆಂಗಳೂರಿಗೆ ಈ ಮದ್ದನ್ನು ಒಂದು ದಶಕಕ್ಕೂ ಹೆಚ್ಚು ಕಾಲದಿಂದ ಕುಡಿಸಲಾಗುತ್ತಿದೆ. ಕಾಯಿಲೆ ಇಳಿದಿಲ್ಲ. ಹಾಗಿದ್ದರೂ ಮದ್ದನ್ನು ಯಾರೂ ಅನುಮಾನಿಸಿಲ್ಲ. ರೋಗಿಯನ್ನೇ ಬೈದು, ಅದೇ ಸೀಸೆಯಿಂದ ಇನ್ನೊಂದು ಚಮಚ ಸುರಿಯಲಾಗುತ್ತಿದೆ.

ಈ ವಾದದ ಹುಳುಕು ನೋಡಲು ಸಮೀಕ್ಷೆ ಬೇಡ, ಬೆಂಗಳೂರಿನ ಯಾವುದೇ ಮಧ್ಯಮ ವರ್ಗದ ಅಡುಗೆಮನೆ ಸಾಕು. ಸಿಂಕಿನ ಕೆಳಗಿನ ಬಕೆಟ್ಟಿನಲ್ಲಿ ಕಾಫಿ ಚರಟ, ಸೊಪ್ಪಿನ ಕಡ್ಡಿ, ಬಿಸ್ಕತ್ತಿನ ಪೊಟ್ಟಣ, ಉದುರಿದ ಕೂದಲು ಎಲ್ಲ ಒಟ್ಟಿಗೇ ಬಿದ್ದಿರುತ್ತವೆ. ಅದೇ ಅಡುಗೆಮನೆಯ ಕಿಟಕಿಯ ಸರಳಿನಲ್ಲಿ ಹಾಲಿನ ಕವರುಗಳು ಒಣಗುತ್ತಿರುತ್ತವೆ. ಮೂಲೆಯ ಚೂರು ಬೇರೆಯಾಗದಂತೆ ಕತ್ತರಿಸಿ, ಎರಡು ಸಲ ನೀರಾಡಿಸಿ, ಆ ನೀರನ್ನೂ ಚೆಲ್ಲದೆ ತುಳಸಿ ಗಿಡಕ್ಕೆ ಹಾಕಿ, ಕವರನ್ನು ನೇತುಹಾಕಿದವರು ಅದೇ ಮನೆಯವರು. ಅಟ್ಟದ ಮೇಲೆ ದಿನಪತ್ರಿಕೆಗಳು ಮಡಿಕೆ ಕೆಡದಂತೆ ಪೇರಿಸಿರುತ್ತವೆ. ರಟ್ಟಿನ ಡಬ್ಬಗಳು ಬೇರೆ, ಗಾಜಿನ ಬಾಟಲಿಗಳು ಬೇರೆ, ತಳ ಸವೆದ ಕುಕ್ಕರು ಬೇರೆ. ಯಾವುದಕ್ಕೆ ಕೆಜಿಗೆ ಎಷ್ಟು ಎಂಬುದು ಮನೆಯ ಹಿರಿಯರಿಗೆ ಬಾಯಿಪಾಠ. ಹಳೇ ಪೇಪರಿನ ಅಂಗಡಿಯವನು ಯಾವ ಜಾಥಾ ಮಾಡಿದ್ದ? ಅವನಲ್ಲಿದ್ದದ್ದು ಒಂದು ತಕ್ಕಡಿ. ಕೊಟ್ಟದ್ದನ್ನು ಕೊಟ್ಟಂತೆಯೇ ತೆಗೆದುಕೊಳ್ಳುತ್ತಾನೆ ಎಂಬುದು ಎಲ್ಲರಿಗೂ ಗೊತ್ತಿತ್ತು.

ಎರಡು ತಲೆಮಾರು ಹಿಂದೆ ಹೋದರೆ ಹಸಿ ಕಸದ ಕಥೆಯೂ ಹೀಗೆಯೇ ಇತ್ತು. ಅಕ್ಕಿ ತೊಳೆದ ನೀರು, ಗಂಜಿ, ತರಕಾರಿ ಸಿಪ್ಪೆ ಕಲಗಚ್ಚಿನ ಬಾನಿಗೆ ಬೀಳುತ್ತಿದ್ದವು. ಬಾಳೆ ಎಲೆ ದನದ ಮುಂದಕ್ಕೆ, ಒಲೆಯ ಬೂದಿ ಪಾತ್ರೆ ಉಜ್ಜಲು, ಕರಟ ನೀರೊಲೆಗೆ, ಉಳಿದದ್ದು ತಿಪ್ಪೆಗೆ. ನಗರದ ಬಡಾವಣೆಗಳಲ್ಲೂ ದನ ಕಟ್ಟಿಕೊಂಡವರು ಬೆಳಗ್ಗೆ ಬಾಗಿಲಿಗೆ ಬಂದು ಮುಸುರೆ ಒಯ್ಯುತ್ತಿದ್ದರು. ಕಲಗಚ್ಚಿನ ಬಾನಿಗೆ ಬ್ಲೇಡೋ ಗಾಜಿನ ಚೂರೋ ಬೀಳದಂತೆ ನೋಡಿಕೊಳ್ಳುವುದನ್ನು ಯಾರೂ ಹೆಂಗಸರಿಗೆ ಹೇಳಿಕೊಡಬೇಕಿರಲಿಲ್ಲ. ಅದು ಯಾವ ಹಸುವಿನ ಬಾಯಿಗೆ ಹೋಗುತ್ತದೆಂದು ಅವರಿಗೆ ಗೊತ್ತಿತ್ತು, ಆ ಹಸುವಿನ ಹೆಸರೂ ಗೊತ್ತಿತ್ತು. ಜಗತ್ತಿನ ಕೃಷಿ ಪಠ್ಯಗಳಲ್ಲಿ ಇಂದಿಗೂ ‘ಬೆಂಗಳೂರು ವಿಧಾನ’ ಎಂದು ಕರೆಸಿಕೊಳ್ಳುವ, ಊರ ಕಸವನ್ನು ಗೊಬ್ಬರ ಮಾಡುವ ಕ್ರಮವನ್ನು ಸಿ. ಎನ್. ಆಚಾರ್ಯ ರೂಪಿಸಿದ್ದು 1939ರಲ್ಲಿ, ಇದೇ ಊರಿನಲ್ಲಿ. ಅಂಥ ಊರಿಗೆ ಈಗ ಸಿಪ್ಪೆ ಯಾವುದು, ಪ್ಲಾಸ್ಟಿಕ್ ಯಾವುದು ಎಂದು ಹೇಳಿಕೊಡುವ ಕರಪತ್ರ ಅಚ್ಚಾಗುತ್ತಿದೆ.

ಆದೇಶಗಳಿಗಂತೂ ಬರವಿಲ್ಲ. ಅಲ್ಮಿತ್ರಾ ಪಟೇಲ್ 1996ರಲ್ಲಿ ಸುಪ್ರೀಂ ಕೋರ್ಟಿಗೆ ಸಲ್ಲಿಸಿದ ಅರ್ಜಿಯ ಹಿನ್ನೆಲೆಯಲ್ಲಿ 2000ದಲ್ಲಿ ದೇಶಕ್ಕೆಲ್ಲ ಅನ್ವಯವಾಗುವ ನಗರ ಘನತ್ಯಾಜ್ಯ ನಿಯಮಗಳು ಬಂದವು. 2012ರಲ್ಲಿ ಮಾವಳ್ಳಿಪುರದ ಜನ ತಮ್ಮೂರಿನ ಕಸದ ಗುಡ್ಡದ ವಿರುದ್ಧ ತಿರುಗಿಬಿದ್ದು ಅದು ಮುಚ್ಚಿದಾಗ ಬೆಂಗಳೂರಿನ ಬೀದಿಬೀದಿಗಳಲ್ಲಿ ಕಸ ಕೊಳೆಯಿತು. ಅದೇ ಅಕ್ಟೋಬರ್ 1ರಿಂದ ಮನೆಯಲ್ಲೇ ಕಸ ಬೇರ್ಪಡಿಸುವುದು ಕಡ್ಡಾಯ ಎಂದಿತು ಪಾಲಿಕೆ. ಆಮೇಲೆ ಭಾರವೆಲ್ಲ ಮಂಡೂರಿಗೆ ಬಿತ್ತು. ಅಲ್ಲಿನವರೂ ರಸ್ತೆಗಿಳಿದರು, 2014ರ ಕೊನೆಗೆ ಅದೂ ನಿಂತಿತು. 2015ರ ಡಿಸೆಂಬರ್ 17ರಂದು ಹೈಕೋರ್ಟು ಪ್ರತಿ ಮನೆಗೂ ಎರಡು ಬುಟ್ಟಿ, ಒಂದು ಚೀಲ ಎಂದು ವಿಧಿಸಿತು: ಹಸಿ ಕಸಕ್ಕೆ ಹಸಿರು, ಸ್ಯಾನಿಟರಿ ಮೊದಲಾದ ಕಸಕ್ಕೆ ಕೆಂಪು, ಒಣ ಕಸಕ್ಕೆ ಚೀಲ. ಮರುವರ್ಷ ಕೇಂದ್ರದ ಹೊಸ ನಿಯಮಗಳೂ ಬಂದವು. ಇಷ್ಟು ಸದ್ದಿನ ನಂತರವೂ ತನ್ನ ಕಸ ಬೇರೆ ಮಾಡಬೇಕೆಂಬುದು ಗೊತ್ತಿಲ್ಲದ ಮನೆ ಈ ನಗರದಲ್ಲಿ ಉಳಿದಿದೆ ಎನ್ನುವುದು ಜನರ ಬುದ್ಧಿಯ ಬಗ್ಗೆ ಬಹಳ ಅಗ್ಗದ ಅಂದಾಜು.

ಗೊತ್ತಿದ್ದೂ ಮಾಡದಿರುವುದು ಏಕೆ ಎಂಬುದಕ್ಕೆ ಉತ್ತರ ಮನೆಯೊಳಗಿಲ್ಲ, ಗೇಟಿನ ಹೊರಗಿದೆ. ಬೆಳಗ್ಗೆ ಅಡ್ಡರಸ್ತೆಗೆ ಆಟೊ ಟಿಪ್ಪರ್ ಬರುತ್ತದೆ. ಹೊಸದಾಗಿ ಹಸಿರು ಬಕೆಟ್ಟು ಕೊಂಡು, ನಾಲ್ಕು ದಿನದಿಂದ ಈರುಳ್ಳಿ ಸಿಪ್ಪೆಯನ್ನೂ ಅದು ಬಂದ ಕವರನ್ನೂ ಬೇರೆ ಇಟ್ಟ ಗೃಹಿಣಿ ಎರಡನ್ನೂ ಎರಡು ಕೈಯಲ್ಲಿ ಹಿಡಿದು ಬರುತ್ತಾರೆ. ಹೆಲ್ಪರ್ ಬಲಗೈಯ ಬಕೆಟ್ಟನ್ನು ಗಾಡಿಯೊಳಕ್ಕೆ ಕವುಚುತ್ತಾನೆ; ಎಡಗೈಯ ಚೀಲವನ್ನೂ ಅದರ ಮೇಲೆಯೇ ಒಗೆಯುತ್ತಾನೆ. ಗಾಡಿಯ ಪಕ್ಕದಲ್ಲಿ ನೇತುಬಿಟ್ಟ ಗೋಣಿಚೀಲಕ್ಕೆ ಮಾರಾಟವಾಗುವ ಬಾಟಲಿ, ರಟ್ಟು ಮಾತ್ರ ಹೋಗುತ್ತವೆ. ಸ್ಪೀಕರಿನಲ್ಲಿ ಕಸ ಬೇರ್ಪಡಿಸಿ ಎಂಬ ಹಾಡು ಹಾಡುತ್ತಲೇ ಇರುತ್ತದೆ. ಆ ಗೃಹಿಣಿಗೆ ಅಂದು ಸಿಕ್ಕಿದ್ದೂ ಅರಿವೇ: ತಾನು ನಾಲ್ಕು ದಿನ ಮಾಡಿದ್ದು ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಯಿತು ಎಂಬ ಅರಿವು. ಐದನೇ ದಿನದಿಂದ ಹಸಿರು ಬಕೆಟ್ಟು ಬಟ್ಟೆ ನೆನೆಸಲು ಹೋಗುತ್ತದೆ. ಇದನ್ನು ಮರೆಸಿ ಮತ್ತೆ ಬಕೆಟ್ಟು ಹಿಡಿಸುವ ಶಕ್ತಿ ಯಾವ ಬೀದಿ ನಾಟಕಕ್ಕೂ ಇಲ್ಲ.

ಅದೇ ಊರಿನ ಇನ್ನೊಂದು ಅಡ್ಡರಸ್ತೆಯಲ್ಲಿ ಪೌರಕಾರ್ಮಿಕ ಮಹಿಳೆ ಬಕೆಟ್ಟಿನ ಮುಚ್ಚಳ ತೆಗೆದು ಇಣುಕುತ್ತಾಳೆ. ಅನ್ನದ ನಡುವೆ ಶಾಂಪೂ ಸ್ಯಾಷೆ ಕಂಡರೆ, ‘ಅಮ್ಮಾ, ಮಿಕ್ಸ್ ಆಗಿದೆ, ತಗೊಳಲ್ಲ’ ಎಂದು ಕೆಳಗಿಟ್ಟು ಮುಂದಿನ ಮನೆಗೆ ಹೋಗುತ್ತಾಳೆ. ಎದುರು ಮನೆಯವರು ನೋಡುತ್ತಿರುತ್ತಾರೆ. ಒಂದು ದಿನ ಮನೆಯಲ್ಲೇ ಉಳಿದ ಬಕೆಟ್ಟು ಸಂಜೆಗೆ ನಾರುತ್ತದೆ. ಮರುದಿನ ಆ ಬಕೆಟ್ಟಿನಲ್ಲಿ ಸ್ಯಾಷೆ ಇರುವುದಿಲ್ಲ. ಈ ಬೀದಿಯ ಜನ ಆ ಬೀದಿಯವರಿಗಿಂತ ಹೆಚ್ಚು ಓದಿದವರಲ್ಲ, ಪರಿಸರದ ಮೇಲೆ ಹೆಚ್ಚು ಪ್ರೀತಿ ಇಟ್ಟವರೂ ಅಲ್ಲ. ವ್ಯತ್ಯಾಸವಿರುವುದು ಬೇಡ ಎನ್ನಬಲ್ಲ ಒಂದು ಮುಖದಲ್ಲಿ, ಬೇರೆ ಮಾಡಿದ್ದನ್ನು ಬೇರೆಯಾಗಿಯೇ ಒಯ್ಯುವ ಗಾಡಿಯಲ್ಲಿ. ಆದರೆ ಆಕೆ ಬೇಡವೆನ್ನಬೇಕಾದರೆ ಮೇಸ್ತ್ರಿ ಆಕೆಯ ಬೆನ್ನಿಗೆ ನಿಲ್ಲಬೇಕು, ಮನೆ ಮಾಲೀಕರ ದೂರು ಬಂದಾಗ ಕೆಲಸ ಉಳಿಯಬೇಕು. ಕಸ ವಿಂಗಡಣೆಯ ಯಶಸ್ಸು ಒಬ್ಬ ಪೌರಕಾರ್ಮಿಕಳ ನೌಕರಿಯ ಭದ್ರತೆಯ ಮೇಲೆ ನಿಂತಿದೆ ಎಂಬ ಮಾತು ಯಾವ ಕರಪತ್ರದಲ್ಲೂ ಕಾಣುವುದಿಲ್ಲ.

ತಿಳಿವಳಿಕೆ ಕೊಟ್ಟರೆ ನಡತೆ ಬದಲಾಗುತ್ತದೆ ಎಂಬುದನ್ನು ಪರೀಕ್ಷಿಸಿ ನೋಡಿದವರೂ ಇದ್ದಾರೆ. ಅಮೆರಿಕದ ಮನಶ್ಶಾಸ್ತ್ರಜ್ಞ ವೆಸ್ಲಿ ಶುಲ್ಟ್ಸ್ ಕ್ಯಾಲಿಫೋರ್ನಿಯಾದ ಒಂದು ಊರಿನಲ್ಲಿ ನಡೆಸಿ 1999ರಲ್ಲಿ ಪ್ರಕಟಿಸಿದ ಪ್ರಯೋಗ ಈ ವಿಷಯದಲ್ಲಿ ಹೆಸರುವಾಸಿ. ಮನೆ ಬಾಗಿಲುಗಳಿಗೆ ಚೀಟಿ ತೂಗುಹಾಕಲಾಯಿತು. ಕೆಲವರಿಗೆ ಮರುಬಳಕೆ ಮಾಡಿ ಎಂಬ ವಿನಂತಿ ಮಾತ್ರ, ಕೆಲವರಿಗೆ ಹೇಗೆ ಮಾಡಬೇಕೆಂಬ ಮಾಹಿತಿ, ಕೆಲವರಿಗೆ ಅವರದೇ ಮನೆ ಕಳೆದ ವಾರಗಳಲ್ಲಿ ಎಷ್ಟು ಕೊಟ್ಟಿತೆಂಬ ಲೆಕ್ಕ, ಇನ್ನು ಕೆಲವರಿಗೆ ಅವರ ನೆರೆಹೊರೆ ಎಷ್ಟು ಕೊಟ್ಟಿತೆಂಬ ಲೆಕ್ಕ. ವಿನಂತಿ, ಮಾಹಿತಿಗಳಿಂದ ಹೇಳಿಕೊಳ್ಳುವಂಥ ಬದಲಾವಣೆ ಆಗಲಿಲ್ಲ. ಲೆಕ್ಕ ತಲುಪಿದ ಮನೆಗಳಲ್ಲಿ ಆಯಿತು. ಮಾಡಿದ್ದನ್ನು ಯಾರೋ ಎಣಿಸುತ್ತಿದ್ದಾರೆ, ಪಕ್ಕದವರೂ ಮಾಡುತ್ತಿದ್ದಾರೆ ಎಂಬುದು ಕಣ್ಣಿಗೆ ಬಿದ್ದಾಗ ಕೈ ಆಡುತ್ತದೆ. ಬೆಂಗಳೂರಿನ ಯಾವ ಬೀದಿಗೂ ಕಳೆದ ತಿಂಗಳು ತನ್ನ ಕಸ ಎಷ್ಟು ಬೇರೆಯಾಗಿತ್ತು, ಅದು ಎಲ್ಲಿಗೆ ಹೋಯಿತು ಎಂಬ ಲೆಕ್ಕ ಸಿಗುವ ವಾಡಿಕೆ ಇಲ್ಲ.

‘ಅರಿವು’ ಎಂಬ ಪದವೇ ಇಲ್ಲಿ ಸವೆದುಹೋಗಿದೆ. ವಚನಕಾರರು ಅರಿವನ್ನು ಆಚಾರದಿಂದ ಬಿಡಿಸಿ ನೋಡಿದವರಲ್ಲ. ಪಾಲಿಕೆಯ ಕಡತದಲ್ಲಿ ಮಾತ್ರ ಅದು ಟೆಂಡರು ಕರೆದು ಮೂಡಿಸಬಹುದಾದ ವಸ್ತು. ಈ ವಾದ ಇಷ್ಟು ವರ್ಷ ಬಾಳಿದ್ದಕ್ಕೆ ಕಾರಣವೂ ಅಲ್ಲೇ ಇದೆ. ಅರಿವಿನ ಅಭಿಯಾನಕ್ಕೆ ಖರ್ಚು ಕಡಿಮೆ, ಫೋಟೊ ಚೆನ್ನಾಗಿ ಬರುತ್ತದೆ, ಎಲ್ಲಕ್ಕಿಂತ ಮುಖ್ಯವಾಗಿ ಅದು ಎಂದೂ ಸೋಲುವುದಿಲ್ಲ. ಸೋತರೆ ತಪ್ಪು ಜನರದು. ಎರಡು ಅರೆ ಇರುವ ಗಾಡಿ, ಪ್ರತಿ ವಾರ್ಡಿಗೂ ನಡೆಯುವ ಒಣ ಕಸ ಕೇಂದ್ರ, ಹಸಿ ಕಸ ತಲುಪಿದ ದಿನವೇ ಅರೆದು ಹಾಕುವ ಗೊಬ್ಬರ ಘಟಕ ಇವೆಲ್ಲ ಸೋಲಬಲ್ಲವು, ಸೋತಾಗ ಹೊಣೆಗಾರರ ಹೆಸರು ಕೇಳಲು ಬರುತ್ತದೆ. ಸಾಗಿಸಿದ ಕಸಕ್ಕೆ ತೂಕದ ಮೇಲೆ ಹಣ ಸಂದಾಯವಾಗುವ ಕಡೆ ನೀರು ಸುರಿಯುವ ಮಿಶ್ರ ಕಸವೇ ಲಾಭ ಎಂಬುದಕ್ಕಂತೂ ವಿವರಣೆ ಬೇಡ. ಗೃಹಿಣಿಯ ಅಜ್ಞಾನದ ಮಾತು ಇವೆಲ್ಲದರ ಮೇಲೆ ತಿಪ್ಪೆ ಸಾರಿಸುತ್ತದೆ.

ಆ ಮಾತಿನಲ್ಲಿ ವರ್ಗದ ಕುರುಡೂ ಇದೆ. ಅರಿವು ಮೂಡಿಸುವವರು ಮಾತಾಡುವುದು ಮನೆಯ ಯಜಮಾನರೊಂದಿಗೆ, ಅಪಾರ್ಟ್‌ಮೆಂಟಿನ ಸಂಘದೊಂದಿಗೆ. ಕಸದ ಬುಟ್ಟಿ ಮುಟ್ಟುವವರು ಬಹುತೇಕ ಮನೆಗೆಲಸದವರು. ಒಂದು ಬೆಳಗ್ಗೆ ಐದು ಮನೆ ಮುಗಿಸಬೇಕಾದ ಹೆಂಗಸಿಗೆ ಐದು ಮನೆಯಲ್ಲಿ ಐದು ಪದ್ಧತಿ. ವಠಾರದಲ್ಲಿ ಮಾತು ಇನ್ನೂ ಬೇರೆ. ಹತ್ತಡಿ ಕೋಣೆಯಲ್ಲಿ ಅಡುಗೆ, ಹಾಸಿಗೆ, ಮಕ್ಕಳ ಪುಸ್ತಕ ಎಲ್ಲ ಇರುವಾಗ ಮೂರು ಬುಟ್ಟಿ ಇಡುವುದು ಎಲ್ಲಿ? ಗಂಡ ಹೆಂಡತಿ ಇಬ್ಬರೂ ಏಳಕ್ಕೆ ಕೆಲಸಕ್ಕೆ ಹೊರಟರೆ ಹತ್ತಕ್ಕೆ ಬರುವ ಗಾಡಿಗೆ ಕಸ ಕೊಡುವವರು ಯಾರು? ಮೂಲೆಯ ವಿದ್ಯುತ್ ಕಂಬದ ಬುಡದಲ್ಲಿ ಹುಟ್ಟುವ ‘ಬ್ಲ್ಯಾಕ್ ಸ್ಪಾಟ್’ಗಳಲ್ಲಿ ಅನೇಕವು ಗಾಡಿಯ ಸಮಯಕ್ಕೂ ಜನರ ಸಮಯಕ್ಕೂ ಇರುವ ಅಂತರದ ಗುರುತುಗಳು. ಅಲ್ಲಿ ದೇವರ ಪಟ ಇಟ್ಟು, ರಂಗೋಲಿ ಹಾಕಿ, ಸುತ್ತ ಕುಂಡ ಜೋಡಿಸಿದರೆ ರಾಶಿ ಮುಂದಿನ ಕಂಬಕ್ಕೆ ಸರಿಯುತ್ತದೆ, ಅಷ್ಟೇ.

ಅರಿವಿನ ವಾದ ಬಿದ್ದಾಗಲೆಲ್ಲ ಅದರ ತಮ್ಮನಂತೆ ಎದ್ದು ಬರುವ ಇನ್ನೊಂದು ವಾದ ಸಂಸ್ಕೃತಿಯದು: ಜಪಾನೀಯರ ರಕ್ತದಲ್ಲೇ ಶಿಸ್ತಿದೆ, ನಮ್ಮವರಿಗೆ ಅದಿಲ್ಲ. ಟೋಕಿಯೊದ ಇತಿಹಾಸ ಇದನ್ನು ಒಪ್ಪುವುದಿಲ್ಲ. ಅಲ್ಲಿನ ಗವರ್ನರ್ ಮಿನೊಬೆ 1971ರಲ್ಲಿ ‘ಕಸದ ಯುದ್ಧ’ ಸಾರಿದ್ದು ಶಿಸ್ತು ಹೆಚ್ಚಾಗಿ ಅಲ್ಲ. ನಗರದ ಕಸವನ್ನೆಲ್ಲ ನುಂಗಿ ನಾರುತ್ತಿದ್ದ ಕೊಟೊ ವಾರ್ಡಿನವರು ಸಿಡಿದೆದ್ದಿದ್ದರು. ತನ್ನ ವ್ಯಾಪ್ತಿಯಲ್ಲಿ ಕಸ ಸುಡುವ ಘಟಕ ಬೇಡವೆಂದ ಸುಗಿನಾಮಿ ವಾರ್ಡಿನ ಲಾರಿಗಳನ್ನು 1973ರಲ್ಲಿ ಕೊಟೊದವರು ಅಡ್ಡಗಟ್ಟಿ ವಾಪಸು ಕಳಿಸಿದರು. ಮಾವಳ್ಳಿಪುರ, ಮಂಡೂರುಗಳನ್ನು ಕಂಡವರಿಗೆ ಈ ಚಿತ್ರ ಹೊಸದಲ್ಲ. ಮನೆಯಲ್ಲೇ ಬೇರ್ಪಡಿಸಿ ಬೇರೆಬೇರೆಯಾಗಿ ಒಯ್ಯುವ ಕ್ರಮವನ್ನು ಜಪಾನಿನಲ್ಲಿ ಮೊದಲು ಶುರುಮಾಡಿದ ನುಮಾಜು ನಗರವೂ 1975ರಲ್ಲಿ ಆ ದಾರಿ ಹಿಡಿದದ್ದು ಕಸ ಸುರಿಯುವ ಜಾಗದ ಜಗಳ ತಾಳಲಾರದೆ. ಶಿಸ್ತು ಮೊದಲು ಬಂದು ವ್ಯವಸ್ಥೆ ಆಮೇಲೆ ಬಂದದ್ದಲ್ಲ. ಒಯ್ಯುವ ಕ್ರಮ ಗಟ್ಟಿಯಾಗಿ ನಿಂತ ಮೇಲೆ ಮನೆಯ ರೂಢಿ ಬೆಳೆಯಿತು; ಆ ರೂಢಿಯನ್ನು ಹೊರಗಿನವರು ಈಗ ಸಂಸ್ಕೃತಿ ಎಂದು ಹೊಗಳುತ್ತಾರೆ.

ಹಾಗಾದರೆ ದಂಡ ಹಾಕಿ ಎನ್ನುವವರದು ಮೂರನೇ ಪಕ್ಷ. ಅರಿವಿನವರಿಗಿಂತ ಇವರು ವಾಸಿ. ಜನ ಅಜ್ಞಾನಿಗಳಲ್ಲ ಎಂಬುದನ್ನಾದರೂ ಒಪ್ಪುತ್ತಾರೆ. ಆದರೆ ದಂಡಕ್ಕೂ ಒಂದು ಗುಟ್ಟಿದೆ. ಇಸ್ರೇಲಿನ ಹೈಫಾದ ಹತ್ತು ಶಿಶುವಿಹಾರಗಳಲ್ಲಿ ಗ್ನೀಜಿ ಮತ್ತು ರುಸ್ತಿಕೀನಿ ಎಂಬ ಅರ್ಥಶಾಸ್ತ್ರಜ್ಞರು ನಡೆಸಿದ ಅಧ್ಯಯನ 2000ದಲ್ಲಿ ಪ್ರಕಟವಾಯಿತು. ಮಕ್ಕಳನ್ನು ಕರೆದೊಯ್ಯಲು ತಡವಾಗಿ ಬರುವ ಹೆತ್ತವರಿಗೆ ಕೆಲವು ಶಿಶುವಿಹಾರಗಳಲ್ಲಿ ಸಣ್ಣ ದಂಡ ಹಾಕಿದಾಗ ತಡವಾಗಿ ಬರುವವರು ಹೆಚ್ಚಿದರು. ಟೀಚರಮ್ಮ ಕಾಯುತ್ತಿರುತ್ತಾರಲ್ಲ ಎಂಬ ಸಂಕೋಚಕ್ಕೆ ಬೆಲೆ ಕಟ್ಟಿದ ಮೇಲೆ ಹಣ ಕೊಟ್ಟು ತಡಮಾಡುವುದು ಹಕ್ಕಾಯಿತು. ದಂಡ ತೆಗೆದ ಮೇಲೂ ಆ ಸಂಕೋಚ ಮರಳಲಿಲ್ಲ. 2025ರ ಅಕ್ಟೋಬರ್ ಕೊನೆಯಲ್ಲಿ ಬೆಂಗಳೂರಿನಲ್ಲಿ ‘ಕಸ ಸುರಿಯುವ ಹಬ್ಬ’ ನಡೆಯಿತು. ರಸ್ತೆಗೆ ಕಸ ಎಸೆದವರ ಮನೆ ಬಾಗಿಲಿಗೇ ಕಸ ಸುರಿದು ದಂಡ ವಿಧಿಸುವ ಕಾರ್ಯಾಚರಣೆ ಅದು. ನೋಡಿದವರಿಗೆ ಖುಷಿಯಾಯಿತು, ವಿಡಿಯೊಗಳು ಹರಿದಾಡಿದವು. ಸುರಿದ ಆ ರಾಶಿಯಲ್ಲಿ ಹಸಿ, ಒಣ ಎಂಬ ಭೇದವಿರಲಿಲ್ಲ.

ಹಣ ಕೆಲಸ ಮಾಡಿದ ಜಾಗಗಳೂ ಇವೆ. ಅದು ಹೇಗೆ ಮಾಡಿತು ಎಂಬುದು ಇಲ್ಲಿ ಮುಖ್ಯ. ದಕ್ಷಿಣ ಕೊರಿಯದಲ್ಲಿ 1995ಕ್ಕೆ ಮುಂಚೆ ಕಸದ ಶುಲ್ಕವನ್ನು ಆಸ್ತಿ ತೆರಿಗೆಯ ಅಥವಾ ಕಟ್ಟಡದ ಅಳತೆಯ ಮೇಲೆ ವಸೂಲು ಮಾಡುತ್ತಿದ್ದರು. ಆ ವರ್ಷದ ಜನವರಿಯಿಂದ ಲೆಕ್ಕ ತಿರುಗಿತು. ಬೆರಕೆ ಕಸವನ್ನು ಹಣ ಕೊಟ್ಟು ಕೊಂಡ ಸರ್ಕಾರಿ ಚೀಲದಲ್ಲೇ ಹಾಕಬೇಕು, ಬೇರ್ಪಡಿಸಿದ ಕಾಗದ, ಡಬ್ಬಿ, ಬಾಟಲಿಗಳನ್ನು ಪುಕ್ಕಟೆ ಒಯ್ಯುತ್ತಾರೆ. ಉಳಿದ ಆಹಾರವನ್ನು ಹೂಳುವುದನ್ನು 2005ರಲ್ಲಿ ನಿಷೇಧಿಸಿ, ಆಮೇಲೆ ಅದಕ್ಕೂ ತೂಕದ ಪ್ರಕಾರ ಶುಲ್ಕ ಬಂತು. ಅನೇಕ ಅಪಾರ್ಟ್‌ಮೆಂಟುಗಳಲ್ಲಿ ಕಾರ್ಡು ತೋರಿಸಿದರೆ ಮುಚ್ಚಳ ತೆರೆದು, ತೂಗಿ, ಬೆಲೆ ಹೇಳುವ ತೊಟ್ಟಿಗಳಿವೆ. ಬೆರಕೆಗೆ ಕಾಸು ಬೀಳುತ್ತದೆ, ಬೇರೆ ಮಾಡಿದ್ದಕ್ಕೆ ಬೀಳುವುದಿಲ್ಲ, ಬೇರೆ ಮಾಡಿದ್ದನ್ನು ತಪ್ಪದೆ ಬಂದು ಒಯ್ಯುತ್ತಾರೆ. ಮೂರೂ ಸೇರಿದ್ದರಿಂದ ಅದು ನಡೆಯಿತು. ಕೊನೆಯದನ್ನು ಬಿಟ್ಟು ಮೊದಲನೆಯದನ್ನಷ್ಟೇ ಬೆಂಗಳೂರಿಗೆ ತಂದರೆ ರಾಜಕಾಲುವೆಗಳು ತುಂಬುತ್ತವೆ.

ಅಷ್ಟು ದೂರ ಹೋಗಬೇಕಾಗಿಯೂ ಇಲ್ಲ. ಪುಣೆಯಲ್ಲಿ ಚಿಂದಿ ಆಯುವವರೇ ಸದಸ್ಯರಾಗಿರುವ ‘ಸ್ವಚ್ಛ್’ ಸಹಕಾರ ಸಂಸ್ಥೆ 2008ರಿಂದ ನಗರಪಾಲಿಕೆಯ ಒಪ್ಪಂದದಡಿ ಮನೆಮನೆಯಿಂದ ಕಸ ಸಂಗ್ರಹಿಸುತ್ತಿದೆ. ಮನೆಯವರು ಕೊಡುವ ತಿಂಗಳ ಶುಲ್ಕ ಆಯುವವರಿಗೇ ಸೇರುತ್ತದೆ, ಒಣ ಕಸ ಮಾರಿದ ಹಣವೂ ಅವರದೇ. ಅನ್ನ ಮೆತ್ತಿದ ಪ್ಲಾಸ್ಟಿಕ್ ಬಂದರೆ ಆಕೆಯ ಅಂದಿನ ಸಂಪಾದನೆ ಕೆಡುತ್ತದೆ, ಹಾಗಾಗಿ ಆಕೆ ಬಾಗಿಲಲ್ಲೇ ತಕರಾರು ಮಾಡುತ್ತಾಳೆ. ಹಳೇ ಪೇಪರಿನವನ ತಕ್ಕಡಿ ಇಲ್ಲಿ ಮರಳಿ ಬಂದಿದೆ. 2017ರಿಂದ ಸ್ವಚ್ಛ ಸರ್ವೇಕ್ಷಣೆಯಲ್ಲಿ ವರ್ಷವರ್ಷವೂ ಮೊದಲು ನಿಂತ ಇಂದೋರಿನ ಹೆಸರನ್ನು ಜನಜಾಗೃತಿಯ ಉದಾಹರಣೆಯಾಗಿ ಹೇಳುವುದು ರೂಢಿ. ಅಲ್ಲಿ ಮನೆಮನೆಗೆ ಹೋಗಿ ಹೇಳಿದವರಿದ್ದರು, ನಿಜ. ಆದರೆ ಹೇಳಿದವರ ಹಿಂದೆಯೇ ಅರೆಗಳಿರುವ ಗಾಡಿ ದಿನಾ ಬಂತು, ಬೀದಿಯ ತೊಟ್ಟಿಗಳು ಹೋದವು. 2022ರ ಫೆಬ್ರುವರಿಯಲ್ಲಿ ಉದ್ಘಾಟನೆಯಾದ ಘಟಕಕ್ಕೆ ದಿನಕ್ಕೆ 550 ಟನ್ ಹಸಿ ಕಸದಿಂದ ಅನಿಲ ತೆಗೆಯುವ ಸಾಮರ್ಥ್ಯವಿದೆ. ಅಂಥದ್ದಕ್ಕೆ ಬೆರಕೆ ಕಸ ತುಂಬಿದರೆ ಯಂತ್ರವೇ ಕೂರುತ್ತದೆ. ಮೈಸೂರಿನ ಕುಂಬಾರಕೊಪ್ಪಲಿನ ಘಟಕದಲ್ಲಿ ಬಡಾವಣೆಯ ಕಸ ಬಡಾವಣೆಯ ಹತ್ತಿರವೇ ಗೊಬ್ಬರವಾಗುವುದನ್ನು ಅಲ್ಲಿನವರು ನಡೆದುಹೋಗಿ ನೋಡಬಹುದು. ಹಾಗೆ ನೋಡಿದ ಮೇಲೆ ಬಕೆಟ್ಟಿನ ಬಗ್ಗೆ ಭಾಷಣ ಬೇಕಾಗುವುದಿಲ್ಲ.

ಮಾಹಿತಿ ಬೇಡವೇ ಬೇಡವೆಂದು ಇದರ ಅರ್ಥವಲ್ಲ. ಡಯಾಪರ್, ಪ್ಯಾಡುಗಳನ್ನು ಪೇಪರಿನಲ್ಲಿ ಸುತ್ತಿ ಕೆಂಪು ಗುರುತು ಹಾಕಿ ಕೊಡಬೇಕು, ಜ್ಯೂಸಿನ ಪೊಟ್ಟಣ ಒಣ ಕಸಕ್ಕೆ, ಅವಧಿ ಮುಗಿದ ಮಾತ್ರೆ ಮತ್ತು ಬ್ಯಾಟರಿ ಬೇರೆ, ಎಳನೀರಿನ ಬುರುಡೆಯನ್ನು ಅಡುಗೆ ಸಿಪ್ಪೆಯೊಂದಿಗೆ ಹಾಕಬಾರದು ಎಂಬಂಥ ಸಂಗತಿಗಳನ್ನು ಯಾರಾದರೂ ಹೇಳಲೇಬೇಕು. ಅದು ಒಂದು ಹಾಳೆಯ ಕೆಲಸ. ಬಾಗಿಲಿಗೆ ದಿನಾ ಬರುವವರು ಹೇಳಿದರೆ ಹಾಳೆಯೂ ಬೇಡ. ಬೆಂಗಳೂರಿನ ಒಣ ಕಸ ಕೇಂದ್ರಗಳಲ್ಲಿ ‘ಹಸಿರು ದಳ’ದಂಥ ಸಂಘಟನೆಗಳ ಮೂಲಕ ಸೇರಿದ ಚಿಂದಿ ಆಯುವವರಿಗೆ ಪ್ಲಾಸ್ಟಿಕ್ಕಿನ ಬಗೆಗಳನ್ನು ಮುಟ್ಟಿ, ಚಿಟಿಕೆ ಹೊಡೆದು ಸದ್ದು ಕೇಳಿ ಹೇಳುವಷ್ಟು ಗೊತ್ತು. ನಗರದಲ್ಲಿ ಕಸದ ಬಗ್ಗೆ ಅತಿ ಹೆಚ್ಚು ಅರಿವಿರುವವರು ಅವರೇ. ಅರಿವಿನ ಸಭೆಗಳ ವೇದಿಕೆಯ ಮೇಲೆ ಮಾತ್ರ ಅವರು ಕಾಣುವುದು ಅಪರೂಪ.

ವ್ಯವಸ್ಥೆ ಜನರಿಗೆ ಏನು ಹೇಳುತ್ತಿದೆ ಎಂಬುದನ್ನು ಕರಪತ್ರದಲ್ಲಿ ಓದಬಾರದು, ಬಿಲ್ಲಿನಲ್ಲಿ ಓದಬೇಕು. 2025ರ ಏಪ್ರಿಲಿನಿಂದ ಬೆಂಗಳೂರಿನಲ್ಲಿ ಆಸ್ತಿ ತೆರಿಗೆಯ ಜೊತೆ ಕಸದ ಬಳಕೆದಾರರ ಶುಲ್ಕವೂ ಸೇರಿದೆ. ಮನೆಗಳಿಗೆ ತಿಂಗಳಿಗೆ 10 ರೂಪಾಯಿಯಿಂದ 400 ರೂಪಾಯಿವರೆಗೆ, ಕಟ್ಟಡದ ಚದರಡಿಯ ಮೇಲೆ. ಕೊರಿಯ ಮೂವತ್ತು ವರ್ಷ ಹಿಂದೆ ಕೈಬಿಟ್ಟ ಲೆಕ್ಕ ಇದು. 800 ಚದರಡಿಯ ಅಕ್ಕಪಕ್ಕದ ಎರಡು ಮನೆಗಳಲ್ಲಿ ಒಂದು ಹಾಲಿನ ಕವರಿನ ಮೂಲೆಯ ಚೂರನ್ನೂ ಬಿಡದೆ ಬೇರ್ಪಡಿಸುತ್ತದೆ, ಇನ್ನೊಂದು ಎಲ್ಲವನ್ನೂ ಒಂದೇ ಕವರಿಗೆ ತುರುಕಿ ಗಂಟು ಹಾಕುತ್ತದೆ. ಎರಡಕ್ಕೂ ತಿಂಗಳಿಗೆ 50 ರೂಪಾಯಿ.